ನಿಮ್ಮ ಅಂಕಿಯನ್ನು ಬಿಟ್ಟುಕೊಡಬೇಡಿ: ಭವಿಷ್ಯ ಅಧ್ಯಯನ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಭವಿಷ್ಯ ಅಧ್ಯಯನ, ಅಂದರೆ ಮುಂದೆ ಏನಾಗಬಹುದೆಂದು ಕಾರಣ ಕೊಟ್ಟು ಅಂದಾಜಿಸುವ ಕೆಲಸದ ಕುರಿತು ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಿಂದೆಯೂ ಬಂದಿದ್ದವು. ಎರಡೆರಡು ಸಾಲಿನ ಉತ್ತರ ಸಾಲಲಿಲ್ಲವೆಂದು ಕಾಣುತ್ತದೆ. ಅದಕ್ಕೇ ಒಂದನ್ನು ಹಿಡಿದು ಬಿಡಿಸಿ ಹೇಳುತ್ತೇನೆ.

ಓದುಗರೊಬ್ಬರ ಪ್ರಶ್ನೆ: ನಾನು ಅರ್ಥಶಾಸ್ತ್ರದ ಉಪನ್ಯಾಸಕಿ. ಆನ್‌ಲೈನ್ ಡೆಲ್ಫಿ ಸಮೀಕ್ಷೆಯೊಂದರಲ್ಲಿ (ತಜ್ಞರ ಅಂದಾಜುಗಳನ್ನು ಹೆಸರು ಮುಚ್ಚಿಟ್ಟು ಕಲೆಹಾಕುವ ಸಮೀಕ್ಷೆ) ಒಂದು ಪ್ರಶ್ನೆಗೆ ಶೇ 30ರಷ್ಟು ಸಂಭವನೀಯತೆ ಎಂದು ಬರೆದೆ. ಉಳಿದವರ ಮಧ್ಯಾಂಕ (ಎಲ್ಲರ ಅಂಕಿಗಳನ್ನು ಸಾಲಾಗಿಟ್ಟರೆ ನಟ್ಟನಡುವೆ ಬರುವುದು) 65 ಎಂದು ತೆರೆಯ ಮೇಲೆ ಕಂಡಿತು. ಅಷ್ಟು ಜನ ತಜ್ಞರಿಗಿಂತ ನನಗೇನು ಹೆಚ್ಚು ಗೊತ್ತು ಎಂದುಕೊಂಡು 60ಕ್ಕೆ ಬದಲಿಸಿದೆ. ಸರಿಯೇ?

ತಪ್ಪು. ಹೀಗೆ ಮಾಡುವವರು ನೀವೊಬ್ಬರೇ ಅಲ್ಲ, ನನಗೆ ಬೇಸರವಾಗುವುದೂ ಅದಕ್ಕೇ. ನಿಮ್ಮನ್ನು ಕರೆದದ್ದೇ ನಿಮ್ಮ 30ಕ್ಕಾಗಿ. 65 ಅವರ ಬಳಿ ಆಗಲೇ ಇತ್ತು.

1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಓಲಾಫ್ ಹೆಲ್ಮರ್, ನಾರ್ಮನ್ ಡಾಲ್ಕಿ ಮೊದಲಾದವರು ಈ ವಿಧಾನವನ್ನು ರೂಪಿಸಿದಾಗ ಅವರನ್ನು ಕಾಡುತ್ತಿದ್ದದ್ದು ಇದೇ ರೋಗ. ಸಭೆಯಲ್ಲಿ ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರು ತಲೆಯಾಡಿಸುತ್ತಾರೆ. ಹಾಗಾಗಿ ಸಭೆಯನ್ನೇ ಕೈಬಿಟ್ಟರು, ಹೆಸರುಗಳನ್ನು ಮುಚ್ಚಿಟ್ಟರು, ಉತ್ತರಗಳನ್ನು ಬರಹದಲ್ಲಿ ಸುತ್ತು ಸುತ್ತಾಗಿ ಕೇಳಿದರು. 1964ರಲ್ಲಿ ಹೆಲ್ಮರ್ ಜೊತೆ ದೀರ್ಘಾವಧಿ ಮುನ್ನೋಟದ ವರದಿ ಬರೆದ ಥಿಯೋಡರ್ ಗಾರ್ಡನ್ ಮುಂದೆ ರಿಯಲ್ ಟೈಮ್ ಡೆಲ್ಫಿಯನ್ನು ತಂದರು. ಅವರು ಸಹಸ್ಥಾಪಕರಾಗಿದ್ದ, 1996ರಲ್ಲಿ ಆರಂಭವಾದ ಮಿಲೇನಿಯಂ ಪ್ರಾಜೆಕ್ಟ್ ಹಲವು ದೇಶಗಳ ತಜ್ಞರನ್ನು ಹೀಗೆ ಒಂದೇ ಪ್ರಶ್ನಾವಳಿಗೆ ಕೂರಿಸುತ್ತದೆ. ಇಲ್ಲಿ ಸುತ್ತುಗಳಿಲ್ಲ. ಉತ್ತರ ಬರೆಯುತ್ತಿದ್ದಂತೆ ಗುಂಪಿನ ಅಂಕಿ ಕಣ್ಣೆದುರೇ ಬಂದು ನಿಲ್ಲುತ್ತದೆ. ವೇಗ ಸಿಕ್ಕಿತು, ಜೊತೆಗೆ ಹಳೆಯ ರೋಗವೂ ಹಿಂಬಾಗಿಲಿನಿಂದ ಒಳಬಂತು. ಹಿರಿಯ ಅಧಿಕಾರಿಯ ಕುರ್ಚಿಯಲ್ಲಿ ಈಗ ಮಧ್ಯಾಂಕ ಕೂತಿದೆ.

ತೆರೆಯಲ್ಲಿ ನೀವು ನೋಡಬೇಕಾದದ್ದು ಅಂಕಿಯ ಪಕ್ಕದಲ್ಲಿರುವ ಕಾರಣದ ಪೆಟ್ಟಿಗೆಯನ್ನು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಲ್ಲ, ಅಂಥ ಯೋಜನೆಗಳು ಬೇರೆ ಊರುಗಳಿಗೂ ಹಬ್ಬುತ್ತವೆಯೇ ಎಂದು ನಾನು ಒಂದು ಸಣ್ಣ ಡೆಲ್ಫಿ ನಡೆಸಿದ್ದೆ. ಮಧ್ಯಾಂಕ 70ರ ಆಸುಪಾಸಿನಲ್ಲಿತ್ತು. ಒಬ್ಬರು ಮಾತ್ರ 25 ಎಂದು ಬರೆದಿದ್ದರು. ಕಾರಣ ಒಂದೇ ಸಾಲು: ‘ನೀರೆತ್ತುವ ಪಂಪಿನ ಕರೆಂಟ್ ಬಿಲ್ಲನ್ನು ಐದನೇ ವರ್ಷ ಯಾರು ಕಟ್ಟುತ್ತಾರೆ?’ ಪೈಪು, ಶುದ್ಧೀಕರಣ, ಅಂತರ್ಜಲ ಎಲ್ಲವನ್ನೂ ಲೆಕ್ಕ ಹಾಕಿದ್ದ ಉಳಿದವರಲ್ಲಿ ಯಾರೂ ಆ ಬಿಲ್ಲನ್ನು ನೆನೆದಿರಲಿಲ್ಲ. ಅದನ್ನು ಓದಿ ನಾಲ್ವರು ಕೆಳಗಿಳಿದರು, ಇಬ್ಬರು ವಾದ ಹೂಡಿದರು. ಇಡೀ ಸಮೀಕ್ಷೆಯಲ್ಲಿ ನನ್ನ ಕೈಗೆ ಸಿಕ್ಕ ಗಟ್ಟಿ ಕಾಳು ಆ ಒಂದು ಸಾಲು. ಆ ವ್ಯಕ್ತಿ ನಿಮ್ಮಂತೆ ಸಂಕೋಚಪಟ್ಟು 65 ಎಂದು ತಿದ್ದಿದ್ದರೆ ನಮಗೆ ಅದು ಸಿಗುತ್ತಲೇ ಇರಲಿಲ್ಲ.

ಹಾಗೆಂದು ಹಟ ಹಿಡಿಯಿರಿ ಎನ್ನುತ್ತಿಲ್ಲ. ಇತರರ ಕಾರಣಗಳಲ್ಲಿ ನಿಮಗೆ ಗೊತ್ತಿರದ ಸಂಗತಿ ಸಿಕ್ಕರೆ ಬದಲಿಸಿ, ಅದು ಎಷ್ಟು ತೂಗುತ್ತದೋ ಅಷ್ಟೇ ಬದಲಿಸಿ. ಫಿಲಿಪ್ ಟೆಟ್ಲಾಕ್ ಮತ್ತು ಬಾರ್ಬರಾ ಮೆಲ್ಲರ್ಸ್ ಅವರ ಗುಡ್ ಜಡ್ಜ್‌ಮೆಂಟ್ ಪ್ರಾಜೆಕ್ಟ್ 2011ರಿಂದ ಅಮೆರಿಕದ ಗುಪ್ತಚರ ಸಂಶೋಧನಾ ಸಂಸ್ಥೆಯ ಸ್ಪರ್ಧೆಯಲ್ಲಿ ಸಾವಿರಾರು ಸಾಮಾನ್ಯರ ಅಂದಾಜುಗಳನ್ನು ಅಳೆಯಿತು. ಅಲ್ಲಿ ಮೇಲುಗೈ ಸಾಧಿಸಿದವರು ಪದೇ ಪದೇ, ಸ್ವಲ್ಪ ಸ್ವಲ್ಪವೇ ತಿದ್ದಿಕೊಳ್ಳುತ್ತಿದ್ದವರು. ಹೊಸ ಮಾಹಿತಿಯೇ ಇಲ್ಲದೆ 30ರಿಂದ 60ಕ್ಕೆ ನೆಗೆಯುವುದು ತಿದ್ದುಪಡಿಯಲ್ಲ, ಹೆದರಿಕೆ. ನನಗೇ ನನ್ನ ಮೇಲೆ ನಂಬಿಕೆ ಸಾಲದು. ಉತ್ತರ, ಕಾರಣ ಎರಡನ್ನೂ ಬರೆದು ಮುಗಿಸುವವರೆಗೆ ಗುಂಪಿನ ಅಂಕಿ ಕಾಣುವ ತೆರೆಯ ಮೂಲೆಗೆ ಹಳದಿ ಚೀಟಿ ಅಂಟಿಸಿಯೇ ಕೂರುತ್ತೇನೆ.

ಸಮೀಕ್ಷೆ ಇನ್ನೂ ತೆರೆದಿದ್ದರೆ ಇವತ್ತೇ ಹೋಗಿ 30 ಎಂದು ತಿದ್ದಿ. ಯಾಕೆ 30 ಎಂಬುದನ್ನೂ ಬರೆಯಿರಿ.

ಎಲ್ಲದಕ್ಕೂ ಶೇ 50 ಎಂದು ಬರೆದರೆ ತಪ್ಪಾಗುವ ಭಯವಿಲ್ಲ ಅಲ್ಲವೇ?

ಭಯವಿಲ್ಲ, ಉಪಯೋಗವೂ ಇಲ್ಲ. ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಅಳತೆಯ ಈಗ ಬಳಕೆಯಲ್ಲಿರುವ ಸರಳ ರೂಪದಲ್ಲಿ (ಅಂದಾಜಿಗೂ ಫಲಿತಾಂಶಕ್ಕೂ ಇರುವ ಅಂತರದ ವರ್ಗ; ನಡೆದರೆ 1, ಇಲ್ಲದಿದ್ದರೆ 0), ಹೌದು–ಅಲ್ಲ ಪ್ರಶ್ನೆಗೆ ಸದಾ 50 ಎನ್ನುವವರ ಅಂಕ 0.25ರಲ್ಲೇ ನಿಂತಿರುತ್ತದೆ. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. 80 ಎಂದಿರಿ, ಘಟನೆ ನಡೆಯಿತು: 0.04. ನಡೆಯಲಿಲ್ಲ: 0.64. ಆ ಏಟು ತಿನ್ನಲು ಸಿದ್ಧರಿದ್ದರೆ ಮಾತ್ರ ಬನ್ನಿ.

ಮೂರನೇ ಮಹಾಯುದ್ಧ ಆಗುತ್ತದೆಯೇ?

ಯಾವ ದಿನಾಂಕದೊಳಗೆ? ಯಾವುದನ್ನು ಮಹಾಯುದ್ಧ ಎನ್ನುತ್ತೀರಿ? ಮುನ್ನೋಟಗಳನ್ನು ಕಲೆಹಾಕುವ ಮೆಟಾಕ್ಯುಲಸ್ ಜಾಲತಾಣದಲ್ಲಿ ಪ್ರಶ್ನೆಗಳನ್ನು ಹೇಗೆ ಕಟ್ಟುತ್ತಾರೆಂದು ನೋಡಿಕೊಂಡು ಮತ್ತೆ ಕೇಳಿ.

ಯುಗಾದಿಯ ಪಂಚಾಂಗ ಶ್ರವಣವೂ ಭವಿಷ್ಯ ಅಧ್ಯಯನವೇ ಅಲ್ಲವೇ?

ಅಲ್ಲ. ಹಬ್ಬದ ದಿನ ಸಂತೋಷದಿಂದ ಕೇಳಿ. ‘ದೊಡ್ಡವರಿಗೆ ಕಂಟಕ’ ಎಂಬ ಮಾತು ಯಾವ ವರ್ಷ ಸುಳ್ಳಾಯಿತು ಎಂದು ತೋರಿಸಲು ದಾರಿಯೇ ಇಲ್ಲದಿದ್ದರೆ, ಅದು ನಿಜವಾಯಿತೆನ್ನಲೂ ದಾರಿಯಿಲ್ಲ. ಅದನ್ನೇ ಟಿವಿಯಲ್ಲಿ ಮಾರಿ ಹಣ ಮಾಡುವವರು ನನ್ನನ್ನು ‘ಸಹೋದ್ಯೋಗಿ’ ಎಂದು ಕರೆಯುವುದು ಬೇಡ.

ಮೂರು ದಿನದ ‘ಪ್ರಮಾಣಿತ ಫ್ಯೂಚರಿಸ್ಟ್’ ಕೋರ್ಸ್‌ಗೆ ಹಣ ಕಟ್ಟಲೇ?

ಬೇಡ.

ಕಾರಣದ ಪೆಟ್ಟಿಗೆಯನ್ನು ಎಐ ಚಾಟ್‌ಬಾಟ್‌ನಿಂದ ಬರೆಸಬಹುದೇ?

ದಯವಿಟ್ಟು ಬೇಡ. ಒಂದೇ ಯಂತ್ರದ ಮಾತು ಹೆಸರಿಲ್ಲದ ನಲವತ್ತು ಬಾಯಿಗಳಿಂದ ಬಂದರೆ ನಲವತ್ತು ಜನ ಬೇರೆ ಬೇರೆಯಾಗಿ ಯೋಚಿಸಿ ಒಪ್ಪಿದಂತೆ ಕಾಣುತ್ತದೆ. ನನ್ನ ಸಮೀಕ್ಷೆಗಳಲ್ಲಿ ಹಾಗೆ ಬಂದದ್ದು ಕಂಡರೆ ಅಂಕಿಯ ಸಮೇತ ತೆಗೆದುಹಾಕುತ್ತೇನೆ. ಅರ್ಧ ಸಾಲಾದರೂ ಸರಿ, ನೀವು ಕಂಡದ್ದನ್ನು ಬರೆಯಿರಿ, ಕನ್ನಡದಲ್ಲಿ ಬರೆದರೂ ಆಗುತ್ತದೆ.