ಕತ್ತಿ ಎಲ್ಲಿಂದ ಬಂತು?

ಮಾನ್ಯರೇ,

ಅಮೆರಿಕದ ಅಶ್ವದಳದಲ್ಲಿ ಶೌರ್ಯಪದಕ ಪಡೆದ ಜರ್ಮನ್ ವಲಸಿಗ ಚಾರ್ಲ್ಸ್ ವಿಂಡಾಲ್ಫ್ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಶ್ರಮವೂ ಕಾಣುತ್ತದೆ. ಆದರೂ ಹಿಂದಿರುಗಿಸುತ್ತಿದ್ದೇನೆ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

‘1876ರ ಜೂನ್ 26ರಂದು ವೀರನು ಕುದುರೆಯೇರಿ, ಮಿಂಚಿನಂತೆ ಕತ್ತಿ ಝಳಪಿಸುತ್ತಾ ಶತ್ರುಸಾಗರಕ್ಕೆ ಧುಮುಕಿದನು’ ಎಂದಿದ್ದೀರಿ. ಇದರಲ್ಲಿ ಕತ್ತಿಯೂ ಸುಳ್ಳು, ಸವಾರಿಯೂ ಸುಳ್ಳು. ಅವನಿದ್ದ ಏಳನೆಯ ಅಶ್ವದಳ ಕತ್ತಿಗಳನ್ನು ದಾರಿಯ ಉಗ್ರಾಣದಲ್ಲೇ ಬಿಟ್ಟು ಆ ಕಾಳಗದ ಕಡೆಗೆ ಹೊರಟಿತ್ತು. ಸಿಪಾಯಿಗಳ ಬಳಿ ಇದ್ದುದು ರಿವಾಲ್ವರ್ ಮತ್ತು ಒಂದೊಂದೇ ಗುಂಡು ತುಂಬಿ ಹಾರಿಸಬೇಕಾದ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನು ಎಂಬ ಗಿಡ್ಡ ಬಂದೂಕು. ದಳದ ನಾಯಕ ಕಸ್ಟರ್ ಮತ್ತು ಅವನೊಡನೆ ಹೋದ ಐದು ತುಕಡಿಗಳು ಆ ನಾಡಿನ ಮೂಲನಿವಾಸಿಗಳಾದ ಲಕೋಟರು ಮತ್ತವರ ಮಿತ್ರರ ಕೈಯಲ್ಲಿ ಹಿಂದಿನ ದಿನವೇ ಅಳಿದಿದ್ದವು. ಲಿಟಲ್ ಬಿಗ್‌ಹಾರ್ನ್ ನದಿಯ ಮೇಲಣ ದಿಬ್ಬದಲ್ಲಿ ಉಳಿದವರು ಕುದುರೆಗಳನ್ನು ನಡುವಿನ ತಗ್ಗಿನಲ್ಲಿ ಕಟ್ಟಿ, ನೆಲಕ್ಕೆ ಹೊಟ್ಟೆಯೊತ್ತಿ ಮಲಗಿದ್ದರು, ಗಾಯಾಳುಗಳು ನೀರಿಗಾಗಿ ಹಲುಬುತ್ತಿದ್ದರು. ಕೆಲವರು ಕೆಟಲು, ನೀರಿನ ಕುಪ್ಪಿ ಹಿಡಿದು ಕೊರಕಲಿನೊಳಗಿಂದ ನದಿಗಿಳಿದಾಗ ವಿಂಡಾಲ್ಫ್ ಮತ್ತು ಮೂವರು ಸಂಗಾತಿಗಳು ದಿಬ್ಬದಂಚಿನಲ್ಲಿ ಮರೆಯಿಲ್ಲದೆ ನಿಂತು, ಗುಂಡು ಹಾರಿಸುತ್ತ, ಎದುರಿನವರ ಗುರಿಯನ್ನು ತಮ್ಮ ಮೇಲೆ ಎಳೆದುಕೊಂಡರು. ಪದಕ ಬಂದದ್ದು ಇದಕ್ಕೆ. ನಿಮ್ಮ ಹನ್ನೊಂದು ಪುಟಗಳಲ್ಲಿ ‘ನೀರು’ ಎಂಬ ಪದ ಒಮ್ಮೆಯೂ ಇಲ್ಲ.

ಈ ಕತ್ತಿಯ ಚಾಳಿ ನನಗೂ ಇತ್ತು. ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ನಮ್ಮೂರ ಕೆರೆಯೇರಿಯ ವೀರಗಲ್ಲಿನ ಮೇಲೆ ಲೇಖನ ಬರೆದು, ಅದರ ವೀರನನ್ನು ‘ಖಡ್ಗಧಾರಿ ರಣಭೀಕರ’ ಎಂದು ಕರೆದಿದ್ದೆ. ಹಿರಿಯ ಉಪಸಂಪಾದಕರು ಕನ್ನಡಕ ತೆಗೆದು, ‘ಯಾವ ಕೈಯಲ್ಲಿದೆ ಖಡ್ಗ?’ ಎಂದಷ್ಟೇ ಕೇಳಿದರು. ಭಾನುವಾರ ಬಸ್ಸು ಹತ್ತಿ ಹೋಗಿ, ಪಾಚಿ ಕೆರೆದು ನೋಡಿದರೆ, ಹುಟ್ಟಿದಂದಿನಿಂದ ನೋಡುತ್ತಿದ್ದ ಆ ಕಲ್ಲಿನಲ್ಲಿ ಇದ್ದುದು ಬಿಲ್ಲು! ಆ ಲೇಖನ ಅಚ್ಚಾಗಲಿಲ್ಲ.

ಇನ್ನೊಂದು ಸಾಲು: ‘ಯಾರದೂ ಅಲ್ಲದ ಕಾಡಿನಲ್ಲಿ ನಾಗರಿಕತೆಯನ್ನು ಕಾಯ್ದ ಹುಟ್ಟು ಸೈನಿಕ.’ ಹುಟ್ಟು ಸೈನಿಕನೆ? ಜರ್ಮನ್ ರಾಜ್ಯವಾಗಿದ್ದ ಪ್ರಷ್ಯದ ಸೇನೆಗೆ ಸೇರುವುದನ್ನು ತಪ್ಪಿಸಿಕೊಳ್ಳಲೆಂದೇ ಹಡಗು ಹತ್ತಿದವನು ಅವನು. ಹೊಸ ನಾಡಿನಲ್ಲಿ ಹೊಟ್ಟೆಪಾಡಿಗೆ ಮತ್ತೆ ಸೇನೆಯೇ ಗತಿಯಾಯಿತು. ಇನ್ನು ‘ಯಾರದೂ ಅಲ್ಲದ’ ಎಂಬುದು. ಈ ಕಾಳಗಕ್ಕೆ ಕಾರಣವಾದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ಲಕೋಟರವೆಂದು 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಸರ್ಕಾರವೇ ಬರೆದುಕೊಟ್ಟಿತ್ತು. 1874ರಲ್ಲಿ ಕಸ್ಟರನ ದಂಡು ಅಲ್ಲಿ ಚಿನ್ನ ಕಂಡಿತು, ಎರಡೇ ವರ್ಷಕ್ಕೆ ಯುದ್ಧ ಬಂತು. ಆ ದಂಡಿನಲ್ಲೂ ವಿಂಡಾಲ್ಫ್ ಇದ್ದ; ಸೇನೆ ಬಿಟ್ಟ ಮೇಲೆ ಅದೇ ಬೆಟ್ಟಗಳ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ದಶಕಗಟ್ಟಲೆ ದುಡಿದು, 1950ರಲ್ಲಿ ಅಲ್ಲೇ ಸತ್ತ. ಇಷ್ಟು ಕೈಯಲ್ಲಿದ್ದೂ ನೀವು ಸಿಡಿಲು, ಹುಲಿಗಳ ಉಪಮೆಗೆ ಮೊರೆಹೋದದ್ದೇಕೆ?

ತಿದ್ದಿ ಕಳುಹಿಸುವುದಾದರೆ ಆ ಕೆಟಲಿನಿಂದ ಆರಂಭಿಸಿ, ಮೊದಲ ಮೂರು ಪುಟಗಳನ್ನು ಮತ್ತೆ ಸೇರಿಸಬೇಡಿ.

ಇತಿ,
ಸಂಪಾದಕ