ರೈ ಗೋಧಿಯ ತಳಿಯಲ್ಲ, ಹತ್ತಿರದ ನೆಂಟ

ರೈ (rye) ಅನ್ನುವ ಧಾನ್ಯ ಗೋಧಿಯದೇ ಒಂದು ತಳಿನಾ, ಯುರೋಪಿನ ಚಳಿ ದೇಶಗಳಲ್ಲೇ ಯಾಕೆ ಜಾಸ್ತಿ ಅಂತ ಕೇಳಿದ್ದೀರಿ. ತಳಿ ಅಲ್ಲ. ಎರಡೂ ಹುಲ್ಲಿನ ಕುಟುಂಬದವು, ಅಂದರೆ ಪೋಯೇಸಿ. ಅದರೊಳಗೆ ಗೋಧಿ, ಬಾರ್ಲಿ, ರೈ ಮೂರೂ ಟ್ರಿಟಿಸಿಯೇ ಅನ್ನುವ ಒಂದೇ ಗುಂಪಿಗೆ ಸೇರುತ್ತವೆ. ಆದರೆ ಗೋಧಿಯ ಕುಲ ಟ್ರಿಟಿಕಂ, ರೈಯದು ಸಿಕೇಲ್. ನಾವು ತಿನ್ನುವ ರೈಗೆ ಸಿಕೇಲ್ ಸಿರಿಯೇಲ್ ಅಂತ 1753ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್. ಗೋಧಿಗೂ ಇದಕ್ಕೂ ಎಷ್ಟು ಹತ್ತಿರ ಅಂದರೆ, ಎರಡನ್ನೂ ಕ್ರಾಸ್ ಮಾಡಿ ಟ್ರಿಟಿಕೇಲ್ ಅನ್ನುವ ಬೆಳೆಯನ್ನೇ ತಯಾರಿಸಿದ್ದಾರೆ.

ರೈ ಹರಡಿದ ಕಥೆ ಇನ್ನೂ ಮಜಾ. ಇದರ ಕಾಡು ನೆಂಟರು ಟರ್ಕಿ ಮತ್ತು ಸುತ್ತಲಿನ ಪಶ್ಚಿಮ ಏಷ್ಯಾದಲ್ಲಿವೆ. ಗೋಧಿ, ಬಾರ್ಲಿ ಹೊಲಗಳಲ್ಲಿ ರೈ ಸುಮ್ನೆ ಕಳೆಯಾಗಿತ್ತು. ಬಿತ್ತನೆ ಬೀಜದಲ್ಲಿ ಬೆರೆತು, ರೈತರ ಜೊತೆಗೇ ಯುರೋಪಿನತ್ತ ಹೋಯಿತು. ಚಳಿ ಹೆಚ್ಚಿರುವ, ಮರಳು ಮಣ್ಣಿನ ಜಾಗಗಳಲ್ಲಿ ಗೋಧಿ ಸೊರಗಿತು, ಕಳೆ ಮಾತ್ರ ಚೆನ್ನಾಗಿ ಬಂತು. ಆಮೇಲೆ ಜನ ಅದನ್ನೇ ಬಿತ್ತತೊಡಗಿದರು, ಬೇರೆ ದಾರಿ ಏನಿತ್ತು ಅಲ್ವಾ? ಈಗಲೂ ಜರ್ಮನಿ, ಪೋಲೆಂಡ್, ರಷ್ಯಾ, ಬೆಲಾರುಸ್‌ಗಳಲ್ಲೇ ಇದು ಜಾಸ್ತಿ.

ಅಂದ ಹಾಗೆ, ಲಾನ್‌ಗೆ ಹಾಕುವ ರೈಗ್ರಾಸ್ ಇದಲ್ಲ. ಅದು ಲೋಲಿಯಂ ಅನ್ನುವ ಬೇರೆ ಕುಲ.