ತೀರ್ಪಿನ ದಿನದವರೆಗೆ ಮನೆಯ ಅಂಗಿಯೇ

ಪ್ರಶ್ನೆ: ನಾವು ಐದು ಮಂದಿ ಪದವಿ ವಿದ್ಯಾರ್ಥಿಗಳು ಸೇರಿ 15 ನಿಮಿಷಗಳ ಕಿರುಚಿತ್ರವೊಂದನ್ನು ತಯಾರಿಸುತ್ತಿದ್ದೇವೆ. ಕಾಫಿ ತೋಟದಲ್ಲಿ ರೈಟರ್ ಆಗಿದ್ದ ಯುವಕನು ಕರಿಮೆಣಸು ಕದ್ದನೆಂಬ ಆರೋಪದ ಮೇಲೆ ಬಂಧಿತನಾಗಿ, ಮಡಿಕೇರಿಯ ಜೈಲಿನಲ್ಲಿ ತಿಂಗಳುಗಟ್ಟಲೆ ವಿಚಾರಣೆಗೆ ಕಾಯುತ್ತಾನೆ. ಕೊನೆಯ ದೃಶ್ಯದಲ್ಲಿ ಮಾತ್ರ ಅವನಿಗೆ ಶಿಕ್ಷೆಯಾಗಿರುತ್ತದೆ. ಬಾಡಿಗೆ ಅಂಗಡಿಯವರು ಕಪ್ಪು-ಬಿಳಿ ಪಟ್ಟೆಯ ಉಡುಪನ್ನು ತೋರಿಸಿದರು. ಕಿತ್ತಳೆ ಬಣ್ಣದ್ದು ಪರದೆಯ ಮೇಲೆ ಎದ್ದು ಕಾಣುತ್ತದೆ ಎಂದು ಗೆಳೆಯನೊಬ್ಬನು ಹೇಳುತ್ತಾನೆ. ಯಾವುದನ್ನು ಆರಿಸಬೇಕು? ನಮ್ಮ ಬಳಿ ಇರುವ ಹಣ ಬಹಳ ಕಡಿಮೆ.
– ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಎರಡೂ ಬೇಡ. ನಿಮ್ಮ ಕಥೆಯನ್ನು ಓದಿದರೆ, ಚಿತ್ರದ ಬಹುಪಾಲು ದೃಶ್ಯಗಳಿಗೆ ಕೈದಿಯ ಸಮವಸ್ತ್ರವೇ ಬೇಕಾಗಿಲ್ಲ. ನಿಮ್ಮ ನಾಯಕನು ತೀರ್ಪು ಬರುವವರೆಗೆ ವಿಚಾರಣಾಧೀನ ಕೈದಿ. 1894ರ ಕಾರಾಗೃಹ ಕಾಯ್ದೆಯ 31ನೆಯ ಕಲಮು ಇಂಥವರಿಗೆ ಹೊರಗಿನಿಂದ ತಮ್ಮದೇ ಬಟ್ಟೆಯನ್ನು ತರಿಸಿಕೊಳ್ಳುವ ಅವಕಾಶ ನೀಡಿತು. ಹಾಗೆ ತರಿಸಿಕೊಳ್ಳಲಾಗದ ಬಡವರಿಗೆ ಜೈಲಿನವರೇ ಬಟ್ಟೆ ಒದಗಿಸಬೇಕೆಂದು 33ನೆಯ ಕಲಮು ಹೇಳಿತು. ತಪ್ಪು ಸಾಬೀತಾಗದ ಮನುಷ್ಯನ ಮೈಮೇಲೆ ಅಪರಾಧಿಯ ಗುರುತನ್ನು ಹೊರಿಸಬಾರದೆಂಬ ತಿಳಿವಳಿಕೆ ಇದರ ಹಿಂದಿದೆ. 2022ರ ಅಂತ್ಯದ ಲೆಕ್ಕದಂತೆ ನಮ್ಮ ದೇಶದ ಜೈಲುಗಳಲ್ಲಿದ್ದ ಪ್ರತಿ 4 ಮಂದಿಯಲ್ಲಿ ಸುಮಾರು 3 ಮಂದಿ ವಿಚಾರಣಾಧೀನರೇ ಆಗಿದ್ದರು. ಆದುದರಿಂದ ಜೈಲಿನ ಅಂಗಳವನ್ನು ತೋರಿಸುವಾಗ ಎಲ್ಲರನ್ನೂ ಒಂದೇ ಬಣ್ಣದಲ್ಲಿ ನಿಲ್ಲಿಸಬೇಡಿ. ಲುಂಗಿ, ಟೀ ಶರ್ಟ್, ಹಳೆಯ ಪ್ಯಾಂಟು, ಸ್ವೆಟರ್ ಎಲ್ಲವೂ ಅಲ್ಲಿರಲಿ.

ಹಾಗಾದರೆ ನೀವು ನಿಜವಾಗಿ ಆರಿಸಬೇಕಾದದ್ದು ಅವನು ಬಂಧನದ ದಿನ ತೊಟ್ಟಿದ್ದ ಅಂಗಿಯನ್ನು. ಅದಕ್ಕೆ ಕೊಡುವಷ್ಟು ಗಮನವನ್ನು ಬೇರೆ ಯಾವ ಉಡುಪಿಗೂ ಕೊಡಬೇಡಿ ಎಂಬುದೇ ನನ್ನ ಮುಖ್ಯ ಸಲಹೆ. ತೋಟದ ರೈಟರ್ ಎಂದರೆ ಕೂಲಿಯ ಲೆಕ್ಕ ಬರೆಯುವವನು, ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವವನು. ಅವನ ಅಂಗಿಯ ಜೇಬಿನಂಚಿನಲ್ಲಿ ಶಾಯಿಯ ಕಲೆ ಇದ್ದರೆ ಅದು ಕೊನೆಯವರೆಗೂ ಅವನ ಕೆಲಸವನ್ನು ನೆನಪಿಸುತ್ತದೆ. ಅದೇ ಅಂಗಿಯ ಮೂರು ಪ್ರತಿಗಳನ್ನು ಸಂಪಾದಿಸಿ, ಒಂದನ್ನು ಹೊಸದಾಗಿಯೇ ಉಳಿಸಿಕೊಂಡು, ಇನ್ನೊಂದನ್ನು ಸೋಡಾಪುಡಿ ಬೆರೆಸಿದ ಬಿಸಿನೀರಿನಲ್ಲಿ ಹತ್ತಾರು ಬಾರಿ ಒಗೆದು ಬಣ್ಣ ಇಳಿಸಿ, ಮೂರನೆಯದರ ಕಾಲರನ್ನೂ ಮೊಣಕೈ ಭಾಗವನ್ನೂ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ ಸವೆಸಿದರೆ, ಕಾಲ ಕಳೆದದ್ದನ್ನು ಒಂದು ಮಾತಿಲ್ಲದೆ ತೋರಿಸಬಹುದು. ಕಥೆ ಮಳೆಗಾಲದ್ದಾದರೆ ಇನ್ನೂ ಒಳ್ಳೆಯದು. ಜೂನ್ ಕಳೆದ ಮೇಲೆ ಮಡಿಕೇರಿಯಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದೆ ಬೂಷ್ಟು ಹಿಡಿಯುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಭೇಟಿಗೆ ಬರುವ ತಾಯಿ ಮನೆಯಿಂದ ತರುವ ಒಣ ಅಂಗಿಯೊಂದು ಆ ಚಳಿಯಲ್ಲಿ ಊಟಕ್ಕಿಂತ ದೊಡ್ಡ ಕೊಡುಗೆಯಾಗಬಲ್ಲದು.

ಇನ್ನು ಅಂಗಡಿಯವರು ತೋರಿಸಿದ ಉಡುಪಿನ ವಿಷಯ. ಅಡ್ಡಪಟ್ಟೆಯ ಉಡುಪು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಆಬರ್ನ್ ಜೈಲಿನ ಶಿಸ್ತಿನೊಂದಿಗೆ ಬೆಳೆದು ಬಂದದ್ದು. ಅದು ಅವಮಾನದ ಗುರುತೆಂದು ನ್ಯೂಯಾರ್ಕ್ ರಾಜ್ಯವೇ 1904ರಲ್ಲಿ ಅದನ್ನು ಕೈಬಿಟ್ಟಿತು. ಕಿತ್ತಳೆ ಬಣ್ಣವೂ ಅಮೆರಿಕದ್ದೇ. ಬೇರೆ ದೇಶದ ಕಥೆಯ ಬಟ್ಟೆಯನ್ನು ಕೊಡಗಿನ ಹುಡುಗನಿಗೆ ತೊಡಿಸಿದರೆ ನೋಡುವವರಿಗೆ ಜೈಲಿನ ಬದಲು ಹಳೆಯ ಸಿನಿಮಾಗಳೇ ನೆನಪಾಗುತ್ತವೆ. ಅಲ್ಲದೆ ಸಣ್ಣ ಪಟ್ಟೆಗಳು ಡಿಜಿಟಲ್ ಕ್ಯಾಮೆರಾದಲ್ಲಿ ಅಲೆಯಂತೆ ನಡುಗಿ ಕಣ್ಣಿಗೆ ಕಿರಿಕಿರಿ ಮಾಡುತ್ತವೆ.

ಕೊನೆಯ ದೃಶ್ಯಕ್ಕೆ ಬೇಕಾದದ್ದು ಬಿಳಿಯ ಉಡುಪು. ನಮ್ಮ ರಾಜ್ಯದಲ್ಲಿ ಶಿಕ್ಷೆಗೊಳಗಾದ ಕೈದಿಗಳು ತೊಡುವುದು ಬಿಳಿಯನ್ನೇ. ಅವರಿಗೆ ಕೈದಿ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು ಬಟ್ಟೆಯ ಮೇಲೆ ತೋರಿಸಲೇಬೇಕೆಂದಿದ್ದರೆ ಸಣ್ಣದಾಗಿ ತೋರಿಸಿ. ಎದೆಯ ತುಂಬ ಬರೆದರೆ ನಟನ ಮುಖವನ್ನು ಯಾರೂ ನೋಡುವುದಿಲ್ಲ. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ಪೇಟೆಯ ಜವಳಿ ಅಂಗಡಿಯಲ್ಲಿ ದಪ್ಪ ಕೋರಾ ಬಟ್ಟೆಯನ್ನು ಕೇಳಿ. ಅದರಲ್ಲಿ ಗಂಜಿ ಇರುವುದರಿಂದ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಬೇಕು. ಇಲ್ಲವಾದರೆ ಹೊಲಿದ ಅಂಗಿ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಅಳತೆಯನ್ನು ಸರಿಯಾಗಿ ಕೊಡದೆ ಭುಜ ತುಸು ಸಡಿಲವಾಗಿಯೂ ಪೈಜಾಮ ತುಸು ಗಿಡ್ಡವಾಗಿಯೂ ಇರಲಿ ಎಂದು ಹೇಳಿ, ಏಕೆಂದರೆ ಅದು ಅವನಿಗೆಂದು ಹೊಲಿದ ಬಟ್ಟೆಯಲ್ಲ ಎಂಬುದು ಕಣ್ಣಿಗೆ ಕಾಣಬೇಕು. ಅಚ್ಚ ಬಿಳುಪು ಕ್ಯಾಮೆರಾಕ್ಕೆ ಒಳ್ಳೆಯದಲ್ಲ. ಬಟ್ಟೆ ಬೆಳ್ಳಗೆ ಹೊಳೆದು ಮುಖ ಕಪ್ಪಾಗುತ್ತದೆ. ಚಹಾಪುಡಿ ಕುದಿಸಿ ಸೋಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ ತೆಗೆದರೆ ಆ ಹೊಳಪು ಇಳಿಯುತ್ತದೆ. ಮೊದಲು ಒಂದು ತುಂಡಿನ ಮೇಲೆ ಪ್ರಯೋಗ ಮಾಡಿ. ನೀಲಿ ಮಾತ್ರ ಹಾಕಬೇಡಿ.

ಶಿಕ್ಷೆಯ ಉಡುಪು ತೊಡುವ ಮುನ್ನ ಅವನು ತನ್ನ ಅಂಗಿಯನ್ನು ಮಡಚಿ ಒಪ್ಪಿಸುವುದನ್ನು ನಿಧಾನವಾಗಿ ಚಿತ್ರಿಸಿ. ಕೈದಿಯ ಸ್ವಂತ ವಸ್ತುಗಳು ಜೈಲರನ ವಶದಲ್ಲಿರಬೇಕೆಂಬುದು ಅದೇ 1894ರ ಕಾಯ್ದೆಯ ನಿಯಮವಾಗಿತ್ತು, ಆದುದರಿಂದ ಇದು ಕಲ್ಪನೆಯ ಅಲಂಕಾರವಾಗುವುದಿಲ್ಲ.

ಕೈಕೋಳದ ಬಗ್ಗೆಯೂ ಒಂದು ಮಾತು. ಆರೋಪಿಗೆ ಯಾಂತ್ರಿಕವಾಗಿ ಬೇಡಿ ತೊಡಿಸಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ಹೇಳಿದೆ. ಕಳವಿನ ಆರೋಪ ಹೊತ್ತ ನಿಮ್ಮ ಯುವಕನನ್ನು ಪೇದೆಯೊಬ್ಬನು ಕೈ ಹಿಡಿದು ಕರೆದೊಯ್ಯುವಂತೆ ತೋರಿಸಿದರೆ ಸಾಕು. ಖಾಕಿ ತೊಡುವ ನಟರು ರಸ್ತೆಯಲ್ಲಿ ಹಾಗೆಯೇ ತಿರುಗಾಡದಿರಲಿ. ವಂಚಿಸುವ ಉದ್ದೇಶವಿದ್ದಾಗ ಮಾತ್ರ ಅದು ಭಾರತೀಯ ನ್ಯಾಯ ಸಂಹಿತೆಯ 205ನೆಯ ಕಲಮಿನಡಿ ಅಪರಾಧವಾದರೂ, ಕಾಲೇಜಿನ ಪತ್ರವನ್ನು ಜೊತೆಯಲ್ಲಿಟ್ಟುಕೊಂಡು ಹತ್ತಿರದ ಠಾಣೆಗೆ ಮೊದಲೇ ತಿಳಿಸುವುದು ಕ್ಷೇಮ.

ಪ್ರಶ್ನೆ: ನನ್ನ ಕಿರುಚಿತ್ರದಲ್ಲಿ 1942ರ ಚಳವಳಿಯಲ್ಲಿ ಜೈಲಿಗೆ ಹೋದ ಅಜ್ಜನೊಬ್ಬರ ನೆನಪಿನ ದೃಶ್ಯವಿದೆ. ಅದಕ್ಕೂ ಇಂದಿನ ಬಿಳಿ ಉಡುಪನ್ನೇ ಬಳಸಬಹುದೆ?
– ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಅದಕ್ಕೆ ಮೊದಲು ಅಜ್ಜನವರು ಯಾವ ದರ್ಜೆಯ ಕೈದಿಯಾಗಿದ್ದರೆಂದು ತೀರ್ಮಾನಿಸಿ. ಕೊಡಗು ಆಗ ಮೈಸೂರಿಗೆ ಸೇರದೆ, ಬ್ರಿಟಿಷರ ಚೀಫ್ ಕಮಿಷನರ್ ಆಡಳಿತದ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಬ್ರಿಟಿಷ್ ಭಾರತದ ಜೈಲುಗಳಲ್ಲಿ 1930ರಿಂದ ಕೈದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದರು. ಎ ದರ್ಜೆಯವರು ಸ್ವಂತ ಬಟ್ಟೆ ತೊಡಬಹುದಿತ್ತು. ಸಿ ದರ್ಜೆಯ ಸಾಮಾನ್ಯ ಕೈದಿಗೆ ಜೈಲಿನ ಒರಟು ಬಟ್ಟೆಯೇ ಗತಿ. ರಾಜಕೀಯ ಕೈದಿಗಳು ಒಳ್ಳೆಯ ಊಟ ಬಟ್ಟೆಗಳಿಗಾಗಿ ಉಪವಾಸ ಹೂಡಿದ್ದರು, ಅದರಲ್ಲಿ ಜತೀಂದ್ರನಾಥ ದಾಸ್ ಅವರು 63 ದಿನ ಅನ್ನ ಬಿಟ್ಟು 1929ರ ಸೆಪ್ಟೆಂಬರ್ 13ರಂದು ಲಾಹೋರಿನಲ್ಲಿ ಪ್ರಾಣ ನೀಗಿದರು. ಅಷ್ಟು ಬೆಲೆ ತೆತ್ತ ವಿಷಯವನ್ನು ಅವಸರದಲ್ಲಿ ಬಾಡಿಗೆ ಅಂಗಡಿಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಜ್ಜನವರು ಸಿ ದರ್ಜೆಯವರಾದರೆ ಕೈಮಗ್ಗದ ಒರಟು ಬಟ್ಟೆಯಲ್ಲಿ ಕಾಲರ್ ಇಲ್ಲದ ಗಿಡ್ಡ ಅಂಗಿಯನ್ನೂ ಮೊಣಕಾಲಿನವರೆಗಿನ ಚಡ್ಡಿಯನ್ನೂ ಹೊಲಿಸಿ. ಪ್ಲಾಸ್ಟಿಕ್ ಗುಂಡಿ ಹಾಕಿಸದೆ ಲಾಡಿ ಕಟ್ಟುವಂತೆ ಮಾಡಿಸಿ. ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಮಾತ್ರ ತೆಗೆದುಕೊಳ್ಳಬೇಡಿ, ಆ ನೂಲು 1942ರಲ್ಲಿ ನಮ್ಮ ಜೈಲುಗಳಲ್ಲಿ ಇರಲಿಲ್ಲ.